ತಣ್ಣೀರಿನಲ್ಲಿ ತೊಳೆದದ್ದು

ನನ್ನ ಅತ್ತಿಗೆಯ ಕೈಗೆ ಸಿಕ್ಕ ಕಲೆ ಉಳಿದದ್ದಿಲ್ಲ. ಮಸಿ, ತುಕ್ಕು, ಚಹಾ, ಯಂತ್ರದ ಎಣ್ಣೆ, ತುಟಿಯ ಬಣ್ಣ, ಯಾವುದೇ ಇರಲಿ, ಬಟ್ಟೆಯನ್ನು ಬೆಳಕಿಗೆ ಹಿಡಿದು, ಒಮ್ಮೆ ಮೂಸಿ, 'ಹ್ಞೂಂ, ನೀನಾ!' ಎಂದು ಹಳೇ ಪರಿಚಯದವರನ್ನು ಮಾತಾಡಿಸುವಂತೆ ಮಾತಾಡಿಸಿ ಕೆಲಸಕ್ಕೆ ಕೂರುತ್ತಿದ್ದರು. ನಾವಿಬ್ಬರೂ ಒಂದೇ ಲಾಂಡ್ರಿಯಲ್ಲಿ ದುಡಿಯುವವರು. ಹೋಟೆಲುಗಳ ಹಾಸುಹೊದಿಕೆ, ಆಸ್ಪತ್ರೆಯ ಹಸಿರು ನಿಲುವಂಗಿ, ಮನೆಗಳ ಒಳ್ಳೊಳ್ಳೆಯ ಬಟ್ಟೆ ಎಲ್ಲ ನಮ್ಮಲ್ಲಿಗೆ ಬರುತ್ತದೆ. ಗಂಟು ಬಿಚ್ಚಿ ವಿಂಗಡಿಸುವವಳು ನಾನು. ಯಂತ್ರಕ್ಕೆ ಬಗ್ಗದ ಕಲೆಯಿದ್ದರೆ ಅದು ಅತ್ತಿಗೆಯ ಮೇಜಿಗೆ ಹೋಗುತ್ತದೆ. ಆಮೇಲೆ ಒಗೆತ, ಒಣಗಿಸುವುದು, ಕೊನೆಗೆ ಇಸ್ತ್ರಿ. ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಗಂಡನ ಮನೆಯಲ್ಲಿ ಇನ್ನು ಬಾಳಲಾರೆ ಎಂದು ನಾನು ಪೆಟ್ಟಿಗೆ ಹಿಡಿದು ಬಂದಾಗ ಯಾಕೆ ಏನು ಎಂದು ಕೇಳದೆ ಚಾಪೆ ಹಾಸಿದವರು, ಈ ಕೆಲಸ ಕೊಡಿಸಿದವರು ಅವರೇ. ನನಗೆ ಮೂಗಿನ ತುದಿಯಲ್ಲೇ ಕೋಪ. ಅದನ್ನು ಇಷ್ಟು ವರ್ಷ ಸಹಿಸಿಕೊಂಡವರು ಎಂಥವರೆಂದು ನೀವೇ ಲೆಕ್ಕ ಹಾಕಿ.

ಅವರಿಗೊಂದು ಚಟವಿತ್ತು. ಕಲೆ ನೋಡಿ ಕಥೆ ಹೇಳುವ ಚಟ. 'ನೋಡ್ರೇ ಇಲ್ಲಿ, ಈ ಯಜಮಾನ್ರು ಮನೇಲಿ ಪಥ್ಯ, ಹೋಟ್ಲಲ್ಲಿ ಚಾಕ್ಲೇಟು!' ಎಂದು ಒಂದು ಅಂಗಿಯ ಜೇಬನ್ನು ಎತ್ತಿ ಹಿಡಿಯುವುದು. 'ಪಾಪ, ಈ ಹುಡುಗಿ ಅಳ್ತಾ ಅಳ್ತಾ ಕಾಡಿಗೆ ತೋಳಿಗೇ ಒರೆಸ್ಕೊಂಡಿದ್ದಾಳೆ' ಎಂದು ಒಂದು ರವಿಕೆಯನ್ನು ಸವರುವುದು. ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು. ಹೊಸದಾಗಿ ಸೇರಿದವರಿಗೆ ಅವರು ಹೇಳಿಕೊಡುತ್ತಿದ್ದ ಮೊದಲ ಪಾಠವೂ ನನಗೆ ಬಾಯಿಪಾಠ. 'ರಕ್ತಕ್ಕೆ ತಣ್ಣೀರೇ ಕಣ್ರೇ. ಬಿಸಿನೀರು ಸೋಕಿಸಿದ್ರೋ, ಬೆಂದು ನೂಲೊಳಗೆ ಕೂತ್ಕೊಂಡ್ಬಿಡುತ್ತೆ. ಆಮೇಲೆ ತಿಪ್ಪರಲಾಗ ಹಾಕಿದ್ರೂ ಬರಲ್ಲ.'

ಮುಟ್ಟು ನಿಲ್ಲುವ ಕಾಲ ಬಂದಾಗಲೂ ಅತ್ತಿಗೆ ಅದನ್ನು ಹೀಗೇ ನಗೆಯಾಡಿ ಕಳೆದರು. ಹೇಳುವುದು ಸುಲಭ, ಅನುಭವಿಸಿದವರಿಗೆ ಗೊತ್ತು. ಮೇಜಿನ ಮುಂದೆ ಕೂತವರಿಗೆ ಇದ್ದಕ್ಕಿದ್ದಂತೆ ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಕಿವಿಗೆ ಬೆಂಕಿ ಹತ್ತಿದಂತೆ ಸೆಕೆ ಏರುವುದು, ಮುಖವೆಲ್ಲ ಬೆವರು, ಮರುಗಳಿಗೆಗೆ ಚಳಿ. 'ಬಂತು ಬಂತು, ನನ್ನ ಬಾಯ್ಲರ್ ಹೊತ್ಕೊಂತು!' ಎಂದು ಅವರೇ ಕೂಗಿ ಹೇಳುವರು. ಮನೆಯಲ್ಲಿ ಅಣ್ಣ ಸ್ವೆಟರ್ ಹಾಕಿಕೊಂಡು ಮುದುಡಿ ಕೂತಿರುವಾಗ ಇವರಿಗೆ ಫ್ಯಾನ್ ಬೇಕು. ನಿದ್ದೆ ಸರಿಯಿಲ್ಲ, ಮಂಡಿ ನೋವು, ಒಲೆಯ ಮೇಲೆ ಹಾಲಿಟ್ಟದ್ದು ಮರೆಯುತ್ತದೆ. ಸಾಯಂಕಾಲ ಸುಮ್ಮಸುಮ್ಮನೆ ಅಳು. ಒಂದು ದಿನ ಅಣ್ಣ 'ಉಪ್ಪು ಸ್ವಲ್ಪ ಮುಂದೆ' ಎಂದ ತಪ್ಪಿಗೆ ಅವನ ಊಟದ ಡಬ್ಬಿಯನ್ನು ಕಿಟಕಿಯಿಂದ ಎಸೆದರು. ಬೀಗ ರಿಪೇರಿ ಮಾಡುವ ನನ್ನ ಅಣ್ಣ, ಬಾಯಿಗೇ ಒಂದು ಬೀಗ ಹಾಕಿಕೊಂಡು ಕೆಳಗಿಳಿದು ಹೋಗಿ ಡಬ್ಬಿ ಎತ್ತಿಕೊಂಡು ಬಂದ. ಅತ್ತಿಗೆ ಮರುದಿನ ಅದನ್ನೂ ಲಾಂಡ್ರಿಯಲ್ಲಿ ಅಭಿನಯಿಸಿ ತೋರಿಸಿ ನಗಿಸಿದರು.

ಪೂರ್ತಿ ಒಂದು ವರ್ಷ ಮುಟ್ಟಾಗಲಿಲ್ಲ. ಆಗ ಏನು ಮಾಡಿದರು ಗೊತ್ತೇ? ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ಕೇಕ್ ತರಿಸಿದರು! ಉಳಿದಿದ್ದ ಪ್ಯಾಡುಗಳ ಕಟ್ಟನ್ನು ಯಂತ್ರದ ಹತ್ತಿರ ನಿಲ್ಲುವ ಹುಡುಗಿಯ ಮಡಿಲಿಗೆ ಹಾಕಿ, 'ತಗೋಳೇ, ನಂಗಿನ್ನು ಇದರ ಹಂಗಿಲ್ಲ, ನಾನು ರಿಟೈರ್ ಆದೆ' ಎಂದರು. ಚಪ್ಪಾಳೆಯೋ ಚಪ್ಪಾಳೆ. ಸದ್ದು ಕೇಳಿ ಒಳಗೆ ಬಂದ ಸೂಪರ್‌ವೈಸರ್, 'ಯಾರು ರಿಟೈರ್ ಆಗ್ತಿರೋದು? ನನಗೆ ಹೇಳದೇನೇ?' ಎಂದು ಗಾಬರಿಬಿದ್ದ. ನಾವು ಬಿದ್ದು ಬಿದ್ದು ನಕ್ಕೆವು. ಅವನ ಕೈಗೂ ಒಂದು ತುಂಡು ಕೇಕ್ ಇಟ್ಟು ಕಳಿಸಿದೆವು. ನಗದೆ ಕೂತವರು ಇಸ್ತ್ರಿ ಅಕ್ಕ ಒಬ್ಬರೇ. ಅವರು ಇಸ್ತ್ರಿ ಮೇಜಿನ ಹಿರಿಯರು, ನಮ್ಮೆಲ್ಲರಿಗಿಂತ ವಯಸ್ಸಾದವರು, ಮಾತು ಬಲು ಕಡಿಮೆ. 'ಇದನ್ನೆಲ್ಲ ಹೀಗೆ ಹೊರಗೆ ಹೇಳ್ಕೊಳ್ತಾರೇನೇ?' ಎಂದು ಮುಖ ಆ ಕಡೆ ತಿರುಗಿಸಿದರು. ಆದರೂ ಕೇಕ್ ಮಾತ್ರ ತಿಂದರು.

ಇಷ್ಟು ಧೈರ್ಯದ ಹೆಂಗಸು ಆಮೇಲೆ ಹೇಗಾದರು ಎನ್ನುವುದನ್ನೇ ನಾನು ಹೇಳಹೊರಟಿರುವುದು.

ಒಂದು ಭಾನುವಾರ ಮಹಡಿಯ ಮೇಲೆ ನನ್ನ ಬಟ್ಟೆ ಒಣಹಾಕಲು ಹೋದೆ. ತಂತಿಯ ಮೇಲೆ ಅತ್ತಿಗೆಯ ಹಾಸಿಗೆಯ ಹೊದಿಕೆ ಹರವಿತ್ತು. ಹಳೆಯ ಹೊದಿಕೆ, ಒಗೆದು ಒಗೆದು ಹಳದಿಗೆ ತಿರುಗಿದ್ದು. ಅದರ ಸರಿಯಾಗಿ ನಡುವೆ ಒಂದು ಊಟದ ತಟ್ಟೆಯಷ್ಟು ಜಾಗ ಮಾತ್ರ ಹೊಸ ಬಟ್ಟೆಯ ಹಾಗೆ ಬೆಳ್ಳಗಿತ್ತು. ಬೇರೆಯವರಾಗಿದ್ದರೆ ಅದನ್ನು ಗಮನಿಸುತ್ತಲೂ ಇರಲಿಲ್ಲ. ಆದರೆ ದಿನವಿಡೀ ಹೊದಿಕೆ ಬಿಡಿಸಿ ನೋಡುವುದೇ ನನ್ನ ಕಸುಬು. ಕಲೆ ತೆಗೆಯುವವರು ಬಹಳ ಮುತುವರ್ಜಿಯಿಂದ ತೆಗೆದಾಗ ಕಲೆಯ ಜೊತೆಗೆ ಬಟ್ಟೆಯ ಮುಪ್ಪೂ ಹೋಗಿಬಿಡುತ್ತದೆ, ಆ ಜಾಗ ಉಳಿದದ್ದಕ್ಕಿಂತ ಬೆಳ್ಳಗೆ ನಿಲ್ಲುತ್ತದೆ. ಪಕ್ಕದಲ್ಲಿದ್ದ ಲಂಗಗಳನ್ನು ತಿರುವಿ ನೋಡಿದೆ. ಒಂದರಲ್ಲೂ ಅದೇ, ಇನ್ನೊಂದರಲ್ಲೂ ಅದೇ.

ಅಷ್ಟರಲ್ಲಿ ಬಕೆಟ್ ಹಿಡಿದು ಅತ್ತಿಗೆ ಮೇಲೆ ಬಂದರು.

'ಇದೇನು ಅತ್ತಿಗೆ?'

'ಯಾವುದು? ಅದಾ? ಟೀ ಚೆಲ್ಲಿತ್ತು ಕಣೇ.'

'ಲಂಗದ ಹಿಂದ್ಗಡೆನೂ ಟೀ ಚೆಲ್ಲಿತ್ತಾ?'

ಅವರು ಬಕೆಟ್ ಕೆಳಗಿಟ್ಟು ಹೊದಿಕೆಯನ್ನು ತಂತಿಯಿಂದ ಎಳೆದು, ಒದ್ದೆಯಿದ್ದಂತೆಯೇ ಮಡಿಸತೊಡಗಿದರು. ಕಿವಿಯ ತನಕ ಕೆಂಪಾಗಿದ್ದರು. ಊರಿಡೀ ಜನರ ಅಂಗಿ ಎತ್ತಿ ಹಿಡಿದು ಕಥೆ ಹೇಳಿದ ಹೆಂಗಸು ತಮ್ಮ ಲಂಗವನ್ನು ನಾನು ಓದಿಬಿಟ್ಟೆನೆಂದು ತಲೆ ಎತ್ತಲಾರದೆ ನಿಂತಿದ್ದರು.

'ಯಾವಾಗಿಂದ?' ಎಂದೆ.

'ಚಳಿಗಾಲದಿಂದ.'

ಆಗ ಬಿಸಿಲು ಸುಡುತ್ತಿತ್ತು. ಚಳಿಗಾಲ ಮುಗಿದು ಯಾವ ಕಾಲವಾಗಿತ್ತು! ನನ್ನ ಕೋಪ ನೆತ್ತಿಗೇರಿತು. 'ನಿಮಗೆ ತಲೆ ಕೆಟ್ಟಿದೆಯಾ? ನಿಂತು ಹೋದದ್ದು ವಾಪಸ್ ಬಂದ್ರೆ ಯಾರಿಗಾದ್ರೂ ಹೇಳ್ಬೇಕು ಅಂತ ಗೊತ್ತಾಗಲ್ವಾ?'

'ಮೆಲ್ಲಗೆ ಮಾತಾಡೇ, ಪಕ್ಕದ ಮನೆಯವರಿದ್ದಾರೆ' ಎಂದು ನನ್ನ ಬಾಯಿ ಮುಚ್ಚಿದರು. ನೀರಿನ ತೊಟ್ಟಿಯ ನೆರಳಿಗೆ ಎಳೆದುಕೊಂಡು ಹೋಗಿ ಕೂರಿಸಿ ಒಂದೊಂದೇ ಹೇಳಿದರು. ಮೊದಲ ಸಲ ಎರಡು ಹನಿ ಕಂಡಿತಂತೆ. 'ನಾಚಿಕೆಗೇಡು ಕಣೇ, ಹೇಳ್ಬಾರ್ದು, ಒಳಗೊಳಗೇ ಖುಷಿ ಆಯ್ತು. ಇನ್ನೂ ವಯಸ್ಸಾಗಿಲ್ಲ ನಂಗೆ ಅನ್ನಿಸ್ತು. ಅವತ್ತು ಕನ್ನಡಿ ಮುಂದೆ ನಿಂತ್ಕೊಂಡು ತಲೆ ಬಾಚಿದ್ದೇ ಬಾಚಿದ್ದು.' ಆಮೇಲೆ ಅದು ಮತ್ತೆ ಬಂತು, ಮತ್ತೆ ಹೋಯಿತು, ಹೊತ್ತಿಲ್ಲ ಗೊತ್ತಿಲ್ಲ. ಪ್ಯಾಡ್ ಬೇಕಾದಾಗ ಯಂತ್ರದ ಹುಡುಗಿಯನ್ನು ಕೇಳಲು ನಾಲಿಗೆ ಏಳಲಿಲ್ಲ. ಕೇಕ್ ಕತ್ತರಿಸಿ ಕಟ್ಟುಗಟ್ಟಲೆ ದಾನ ಮಾಡಿದವರು ಯಾವ ಮುಖ ಹೊತ್ತು ವಾಪಸ್ ಕೇಳುವುದು? ಅಂಗಡಿಗೆ ಹೋದರೆ ಅಂಗಡಿಯವಳು ನರೆತ ತಲೆ ನೋಡಿ ನಗುತ್ತಾಳೆ ಎಂಬ ಭಯ. ಹಳೆಯ ಬಟ್ಟೆ ಹರಿದು ಇಟ್ಟುಕೊಂಡರು. ಎಲ್ಲರೂ ಏಳುವ ಮೊದಲೇ ಎದ್ದು ತಣ್ಣೀರಿನಲ್ಲಿ ತೊಳೆದರು. ಅಣ್ಣನ ಪಕ್ಕ ಮಲಗಿದರೆ ಗೊತ್ತಾಗುತ್ತದೆಂದು ಸೆಕೆಯ ನೆಪ ಹೇಳಿ ಹಾಸಿಗೆ ಬೇರೆ ಮಾಡಿಕೊಂಡರು.

'ನಾಲ್ಕು ಜನ ನಗ್ತಾರೆ ಅಂತ ನೀವು ಸತ್ತು ಹೋಗ್ತೀರಾ?' ಎಂದೆ.

'ಸಾಯೋದೇನು ಬಂತು? ಬಂದಂಗೇ ಹೋಗುತ್ತೆ ಬಿಡು. ನಿಮ್ಮಣ್ಣನಿಗೆ ಹೇಳ್ಬೇಡ. ನಿನ್ನ ಕಾಲು ಹಿಡ್ಕೋತೀನಿ' ಎಂದು ನಿಜವಾಗಿಯೂ ನನ್ನ ಕಾಲಿಗೆ ಕೈ ಹಾಕಿದರು. ನಾನು ಚೀರಿದೆ. ಅತ್ತಿಗೆ ನನ್ನ ಕಾಲು ಮುಟ್ಟುವುದೆಂದರೇನು! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾಳೆಯೇ ಆಸ್ಪತ್ರೆಗೆ ಬರದಿದ್ದರೆ ಈಗಲೇ ಕೆಳಗೆ ಹೋಗಿ ಅಣ್ಣನಿಗೆ ಹೇಳುತ್ತೇನೆ ಎಂದು ಹಟ ಹಿಡಿದೆ. ಅತ್ತು ಕರೆದು ಒಪ್ಪಿದರು. ಒಂದು ಷರತ್ತು: ಕಾಯಿಲೆ ಅವರದಲ್ಲ, ನನ್ನದು ಎಂದು ಅಣ್ಣನಿಗೆ ಹೇಳಬೇಕು.

ಆಗಲಿ ಎಂದೆ. ಬೆಳಗ್ಗೆ ತಿಂಡಿಯ ಹೊತ್ತಿಗೆ ಗೋಡೆ ಹಿಡಿದುಕೊಂಡು, 'ಅಣ್ಣಾ, ಯಾಕೋ ತಲೆ ಸುತ್ತುತ್ತೆ' ಎಂದೆ. ನನ್ನ ಗ್ರಹಚಾರಕ್ಕೆ ಅಣ್ಣ ಅಂಗಡಿಯ ಬೀಗವನ್ನೇ ತೆಗೆಯದೆ ನಮ್ಮ ಜೊತೆ ಹೊರಟ! ಬೇಡವೆಂದರೂ ಕೇಳಲಿಲ್ಲ. ದಾರಿಯುದ್ದಕ್ಕೂ ನನ್ನ ತೋಳು ಹಿಡಿದುಕೊಂಡು, ಗುಂಡಿ ಕಂಡಲ್ಲಿ 'ಹುಷಾರು ಹುಷಾರು' ಅನ್ನುವುದು. ಹಿಂದೆ ನಡೆದು ಬರುತ್ತಿದ್ದ ಅತ್ತಿಗೆಯ ಕಡೆ ಅವನು ತಿರುಗಿಯೂ ನೋಡಲಿಲ್ಲ. ಹೆಂಗಸರ ವಿಭಾಗದ ಮುಂದೆ ಸಾಲು ಬೆಂಚಿನಲ್ಲಿ ಕೂತಾಗ ಗೋಡೆಯ ಮೇಲಿನ ಚಿತ್ರಗಳನ್ನು ನೋಡಿ ಅವನಿಗೆ ಹರಳೆಣ್ಣೆ ಕುಡಿದ ಮುಖವಾಯಿತು.

'ತಲೆ ಸುತ್ತಿಗೆ ಇಲ್ಲಿಗ್ಯಾಕೆ ಕರ್ಕೊಂಡು ಬಂದ್ರಿ?' ಎಂದು ಮೆಲ್ಲಗೆ ಕೇಳಿದ.

'ಹೆಂಗಸರ ತಲೆ ಇಲ್ಲೇ ನೋಡೋದು' ಎಂದೆ. ಅವನು ನಂಬಿದ! 'ಜ್ಯೂಸ್ ತರ್ತೀನಿ' ಎಂದು ಎದ್ದು ಹೋದ.

ನಮ್ಮ ಸರದಿ ಬಂತು. ಡಾಕ್ಟರು ನಡುವಯಸ್ಸಿನ ಹೆಂಗಸು. ಶೀತವಾಗಿತ್ತೋ ಏನೋ, ಕರವಸ್ತ್ರದಲ್ಲಿ ಮೂಗು ಒರೆಸುತ್ತಲೇ ಕೇಳುತ್ತಿದ್ದರು. ಅತ್ತಿಗೆ ಕುರ್ಚಿಯ ತುದಿಯಲ್ಲಿ ಕೂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ರಕ್ತ ಹೋಗುತ್ತಿದೆ ಎಂಬಷ್ಟನ್ನು ಹೇಗೋ ಹೇಳಿದರು. 'ಮುಟ್ಟು ನಿಂತಿದೆಯಾ?' ಎಂದು ಡಾಕ್ಟರು ಕೇಳಿದರು. ಅತ್ತಿಗೆ ನನ್ನ ಕಡೆ ನೋಡದೆ, 'ಇಲ್ಲ... ಪೂರ್ತಿ ನಿಂತಿರ್ಲಿಲ್ಲ. ಹಿಂದೆ ಮುಂದೆ ಆಗ್ತಾನೇ ಇತ್ತು' ಎಂದರು.

ನನಗೆ ಕಿವಿ ನಂಬಲಾಗಲಿಲ್ಲ. ನಿಂತದ್ದು ಮತ್ತೆ ಬಂತು ಎಂದರೆ ಎಲ್ಲಿ ಪೆದ್ದಿಯಾಗಿ ಕಾಣುತ್ತಾರೋ ಎಂದು, ನಿಂತೇ ಇರಲಿಲ್ಲ ಎಂದುಬಿಟ್ಟಿದ್ದರು. ಡಾಕ್ಟರು ತಲೆಯಾಡಿಸಿ, 'ಈ ವಯಸ್ಸಲ್ಲಿ ನಿಲ್ಲೋಕೆ ಮುಂಚೆ ಏರುಪೇರು ಇರುತ್ತೆ. ಮಾತ್ರೆ ಕೊಡ್ತೀನಿ, ತಗೊಂಡು ನೋಡಿ, ಕಡಿಮೆ ಆಗದಿದ್ರೆ ಬನ್ನಿ' ಎಂದು ಬರೆಯತೊಡಗಿದರು. ಅತ್ತಿಗೆಯ ಮುಖದಲ್ಲಿ ಪಾರಾದೆ ಎಂಬ ನಿರಾಳ. ಎದ್ದು ನಿಂತೇಬಿಟ್ಟರು.

'ಸುಳ್ಳು!' ಎಂದು ನಾನು ಕೂಗಿದೆ. 'ಸುಳ್ಳು ಡಾಕ್ಟ್ರೇ! ಪೂರ್ತಿ ನಿಂತಿತ್ತು. ವರ್ಷದ ಮೇಲಾಗಿತ್ತು. ನಿಂತಿತು ಅಂತ ಕೇಕ್ ಕತ್ತರಿಸಿದ್ವಿ ನಾವು!'

ಡಾಕ್ಟರ ಪೆನ್ನು ನಿಂತಿತು. 'ಕೇಕಾ?' ಎಂದರು.

'ಹೌದು. ನಾನೂ ತಿಂದಿದ್ದೀನಿ. ಸೂಪರ್‌ವೈಸರೂ ತಿಂದಿದ್ದಾನೆ.'

ಡಾಕ್ಟರು ನಗಲಿಲ್ಲ. ಬರೆದ ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿದರು. ಅತ್ತಿಗೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಮತ್ತೆ ಕೂತರು.

'ಕೇಳಿಮ್ಮ, ಹನ್ನೆರಡು ತಿಂಗಳು ಪೂರ್ತಿ ಆಗ್ಲಿಲ್ಲ ಅಂದ್ರೆ ಮುಟ್ಟು ನಿಂತಿತು ಅಂತ ಲೆಕ್ಕ. ಅದಾದ ಮೇಲೆ ಒಂದೇ ಒಂದು ಹನಿ ಕಂಡ್ರೂ ಅದನ್ನ ಮುಟ್ಟು ಅಂತ ಅಂದ್ಕೋಬಾರ್ದು. ಸೆಕೆ, ಬೆವರು, ನಿದ್ದೆ ಇಲ್ಲದಿರೋದು ಇವೆಲ್ಲ ಆ ಕಾಲದ ಜೊತೆ ಬರುತ್ತೆ. ನಿಂತ ಮೇಲೆ ಬರೋ ರಕ್ತ ಹಾಗಲ್ಲ, ಅದನ್ನ ನೋಡಿಸ್ಲೇಬೇಕು. ಹೆಚ್ಚಿನವರಲ್ಲಿ ಸಣ್ಣ ಕಾರಣವೇ ಇರುತ್ತೆ. ಒಳಪದರ ತೆಳುವಾಗಿರುತ್ತೆ, ಸಣ್ಣ ಗಂಟು ಇರುತ್ತೆ. ಕೆಲವರಲ್ಲಿ ಕ್ಯಾನ್ಸರ್ ಇರುತ್ತೆ. ನೋಡದೆ ಯಾರಿಗೂ ಹೇಳೋಕಾಗಲ್ಲ. ಇಷ್ಟು ತಿಂಗಳು ಯಾಕೆ ಸುಮ್ನಿದ್ರಿ?'

ಕೈಗಳ ಹಿಂದಿನಿಂದ ಅತ್ತಿಗೆಯ ಸಣ್ಣ ದನಿ ಬಂತು. 'ನಾಚಿಕೆ ಆಯ್ತು.'

ಸ್ಕ್ಯಾನ್ ಮಾಡಿಸಿದರು. ಒಳಗಿನ ಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದು ಮುಗಿದು ಹೊರಗೆ ಬಂದಾಗ ಅಣ್ಣ ಕೈಯಲ್ಲಿ ಜ್ಯೂಸಿನ ಲೋಟ ಹಿಡಿದು ನಿಂತಿದ್ದ. ಐಸೆಲ್ಲ ಕರಗಿ ನೀರಾಗಿತ್ತು. ಅದನ್ನು ನನ್ನ ಕೈಗೆ ಕೊಡಲು ಬಂದ. ನಾನು, 'ನಂಗಲ್ಲ ಅಣ್ಣ, ಅವರಿಗೆ ಕೊಡು' ಎಂದೆ. ಅವನು ಹೆಂಡತಿಯ ಬಿಳಿಚಿದ ಮುಖ ನೋಡಿದ, ನನ್ನ ಗಟ್ಟಿಮುಟ್ಟಾದ ಮುಖ ನೋಡಿದ. ಅಷ್ಟು ಸಾಕಾಯಿತು. ಅಲ್ಲೇ ಬೆಂಚಿನ ಮೇಲೆ ನಾನೇ ಎಲ್ಲ ಹೇಳಿದೆ. ಅತ್ತಿಗೆ ಅವನ ಕಡೆ ಬೆನ್ನು ಮಾಡಿ ಗೋಡೆ ನೋಡುತ್ತಿದ್ದರು.

ಅಣ್ಣ, 'ಹಾಸಿಗೆ ಬೇರೆ ಮಾಡ್ಕೊಂಡೆಯಲ್ಲ, ನನ್ನ ಕಂಡ್ರೆ ನಿಂಗೆ ಬೇಜಾರು ಅಂದ್ಕೊಂಡಿದ್ದೆ. ಕೇಳೋಕೆ ನಂಗೂ ನಾಚಿಕೆ ಆಯ್ತು' ಎಂದ. ಅಷ್ಟು ಹೇಳಲು ಅವನು ಪಟ್ಟ ಪಾಡು ನೋಡಲಾಗಲಿಲ್ಲ. ಅತ್ತಿಗೆ ತಿರುಗದೆಯೇ ಕೈ ಹಿಂದೆ ಚಾಚಿದರು. ಅಣ್ಣ ಲೋಟವನ್ನು ಅವರ ಕೈಗಿಟ್ಟ.

ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದೇ ಬಂತು. ಗರ್ಭಕೋಶ ದಾಟಿ ಹೊರಗೆ ಹಬ್ಬಿದಂತೆ ಕಾಣುವುದಿಲ್ಲ, ಬೇಗ ತೆಗೆದುಹಾಕೋಣ ಎಂದರು. ಅತ್ತಿಗೆ ಸಾವಿನ ಮಾತು ಒಮ್ಮೆಯೂ ಎತ್ತಲಿಲ್ಲ. ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗುವ ಮುಂಚೆ ನನ್ನ ಮಣಿಕಟ್ಟು ಹಿಡಿದು ಕೇಳಿದ್ದು ಒಂದೇ: 'ಲಾಂಡ್ರಿಯಲ್ಲಿ ಅಪೆಂಡಿಕ್ಸ್ ಅಂತ ಹೇಳು.'

'ಮತ್ತೆ ಸುಳ್ಳಾ? ಇಷ್ಟಾದ ಮೇಲೂನಾ?'

'ಅವರ ಮುಂದೆ ಕೇಕ್ ಕತ್ತರಿಸಿ ಮೆರೆದವಳು ಕಣೇ ನಾನು. ನನ್ನ ಲಂಗದ ಕಥೆ ಅವರ ಬಾಯಲ್ಲಿ ಬೇಡ. ದಮ್ಮಯ್ಯ.'

ಸ್ಟ್ರೆಚರಿನ ಮೇಲೆ ಮಲಗಿದವರ ಜೊತೆ ಜಗಳವಾಡಲು ನನ್ನಂಥ ಜಗಳಗಂಟಿಗೂ ಬಾಯಿ ಬರಲಿಲ್ಲ. ಅಪೆಂಡಿಕ್ಸ್ ಎಂದೇ ಹೇಳಿದೆ. ಎಲ್ಲರೂ ಅಯ್ಯೋ ಎಂದರು. ಇಸ್ತ್ರಿ ಅಕ್ಕ ಮಾತ್ರ ಬಂದು, 'ಅಪೆಂಡಿಕ್ಸಾ? ಅಷ್ಟೇನಾ?' ಎಂದು ಎರಡು ಸಲ ಕೇಳಿ, 'ಸರಿ ಬಿಡು' ಎಂದು ಹೋದರು.

ಆಪರೇಷನ್ ಸಲೀಸಾಗಿ ಆಯಿತು. ಎಲ್ಲ ತೆಗೆದಿದ್ದೇವೆ, ಆಗಾಗ ಬಂದು ತೋರಿಸುತ್ತಿದ್ದರೆ ಸಾಕು ಎಂದರು. ಎರಡು ತಿಂಗಳಿಗೆ ಅತ್ತಿಗೆ ಕೆಲಸಕ್ಕೆ ಮರಳಿದರು. ಮೊದಲ ದಿನವೇ ಊಟದ ಹೊತ್ತಿಗೆ ಎಲ್ಲರೂ ಮುತ್ತಿಕೊಂಡರು. ಅತ್ತಿಗೆಗೆ ಕೇಳಬೇಕೇ? ಅಪೆಂಡಿಕ್ಸ್ ಪುರಾಣ ಶುರುವಾಯಿತು. ಎಲ್ಲಿ ನೋವು ಬಂತು, ಹೇಗೆ ಉರುಳಾಡಿದರು, ತೆಗೆದ ಅಪೆಂಡಿಕ್ಸನ್ನು ಡಾಕ್ಟರು ಬಾಟಲಿಯಲ್ಲಿಟ್ಟು ತೋರಿಸಿದಾಗ ಅದು ಹೇಗಿತ್ತು ಎನ್ನುವವರೆಗೆ ಕಣ್ಣಿಗೆ ಕಟ್ಟುವಂತೆ ಹೇಳಿದರು. ನಾನು ತಲೆ ತಗ್ಗಿಸಿ ಊಟ ಮಾಡುತ್ತಿದ್ದೆ. ಸೂಪರ್‌ವೈಸರ್ ಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತು ಕೇಳುತ್ತಿದ್ದ.

'ಅದ್ರಲ್ಲಿ ರಕ್ತ ಹೋಗುತ್ತಾ?' ಎಂದು ಇಸ್ತ್ರಿ ಅಕ್ಕ ಕೇಳಿದರು.

'ಯಾವುದ್ರಲ್ಲಿ?'

'ಅದೇ, ಅಪೆಂಡಿಕ್ಸಲ್ಲಿ. ಕೆಳಗಿಂದ.'

ಯಂತ್ರದ ಹುಡುಗಿ ಕಿಸಕ್ಕನೆ ನಕ್ಕಳು. 'ಅಪೆಂಡಿಕ್ಸಿಗೂ ಅದಕ್ಕೂ ಎಲ್ಲಿಂದೆಲ್ಲಿಗೆ ಅಕ್ಕಾ!' ಎಂದು ಇನ್ನೊಬ್ಬಳು ಸೇರಿಸಿದಳು. ಎಲ್ಲರೂ ನಕ್ಕರು. ಇಸ್ತ್ರಿ ಅಕ್ಕನೂ ನಗಲು ನೋಡಿದರು, ಆಗಲಿಲ್ಲ. ಅತ್ತಿಗೆಯ ಕೈಯಲ್ಲಿನ ತುತ್ತು ಕೈಯಲ್ಲೇ ಉಳಿಯಿತು. ಊಟ ಶುರುವಾದಾಗಿನಿಂದ ಇಸ್ತ್ರಿ ಅಕ್ಕ ಕೂತಿರಲಿಲ್ಲ, ಕೂತರೆ ಕಲೆಯಾದೀತೆಂದು ಗೋಡೆಗೊರಗಿ ನಿಂತೇ ತಿನ್ನುತ್ತಿದ್ದರು. ಅದನ್ನು ಆಗ ನಾನೂ ನೋಡಿದೆ.

ಅತ್ತಿಗೆ ಎದ್ದು ಅವರ ಹತ್ತಿರ ಹೋದರು. 'ಯಾವಾಗಿಂದ ಅಕ್ಕ?' ಎಂದು ಮೆಲ್ಲಗೆ ಕೇಳಿದರು.

'ನಿಂತು ಹತ್ತು ವರ್ಷದ ಮೇಲಾಗಿತ್ತು. ಈಗ ಶುರುವಾಗಿದೆ. ನಿನ್ನ ಆಸ್ಪತ್ರೆಗೆ ಸೇರಿಸಿದ್ರು ಅಂದಾಗ, ಇವಳಿಗೂ ಹಂಗೇ ಇರ್ಬೇಕು, ಇವಳನ್ನ ಕೇಳಿದ್ರೆ ನಾಚಿಕೆ ಇಲ್ಲ ಅಂದ್ಕೊಂಡೆ. ಮನೆ ಹತ್ರ ಬರ್ಬೇಕು ಅಂತಾನೂ ಇದ್ದೆ. ಆದ್ರೆ ನಿಂದು ಅಪೆಂಡಿಕ್ಸ್ ಅಂದ್ರಲ್ಲ.' ಇಸ್ತ್ರಿ ಅಕ್ಕ ತಟ್ಟೆ ನೋಡುತ್ತ ಹೇಳಿದರು. 'ಅದಕ್ಕೇ ಸುಮ್ಮನಾದೆ.'

ನನ್ನ ಅತ್ತಿಗೆಯ ಮುಖ ಆ ಗಳಿಗೆಯಲ್ಲಿ ಹೇಗಾಯಿತು ಎಂದು ನಾನು ಹೇಳಲಾರೆ. ಮಹಡಿಯ ಮೇಲೆ ನಾನು ಲಂಗ ತಿರುವಿ ನೋಡಿದಾಗಲೂ, ಡಾಕ್ಟರ ಮುಂದೆ ನಾನು ಕೂಗಿದಾಗಲೂ ಹಾಗಾಗಿರಲಿಲ್ಲ. ಬಟ್ಟೆಗೆ ಕೈ ಒರೆಸಿಕೊಂಡು ಎಲ್ಲರ ಕಡೆ ತಿರುಗಿದರು.

'ಇಲ್ಲಿ ಕೇಳ್ರೇ. ನಂದು ಅಪೆಂಡಿಕ್ಸ್ ಅಲ್ಲ. ಬಾಟ್ಲೀನೂ ಇಲ್ಲ, ಏನೂ ಇಲ್ಲ. ಗರ್ಭಕೋಶದ ಕ್ಯಾನ್ಸರು. ನಿಂತ ಮೇಲೆ ಮತ್ತೆ ರಕ್ತ ಬಂತು, ನೀವು ನಗ್ತೀರಿ ಅಂತ ತಿಂಗಳುಗಟ್ಟಲೆ ಮುಚ್ಚಿಟ್ಟೆ. ಇವಳು ನೋಡಿರದಿದ್ರೆ ಇಷ್ಟು ಹೊತ್ತಿಗೆ ಹೋಗ್ತಿದ್ದೆ. ನಾನು ಸುಳ್ಳು ಹೇಳಿದ್ದಕ್ಕೆ ಈ ಅಕ್ಕ ಎರಡು ತಿಂಗಳು ಸುಮ್ನಿದ್ದಾರೆ.' ಬಾಗಿಲ ಕಡೆ ನೋಡಿ, 'ನೀವೂ ಕೇಳಿಸ್ಕೊಳ್ಳಿ ಸೂಪರ್‌ವೈಸರೇ, ನಿಮ್ಮ ಮನೇಲೂ ಹೆಂಗಸ್ರಿದ್ದಾರೆ' ಎಂದರು.

ಒಬ್ಬರೂ ನಗಲಿಲ್ಲ. ಯಂತ್ರದ ಹುಡುಗಿ ತಲೆ ಬಗ್ಗಿಸಿಕೊಂಡಳು. ಸೂಪರ್‌ವೈಸರ್ ಟೀ ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಕಿಟಕಿಯಲ್ಲಿಟ್ಟು, 'ಮೂರು ಜನಾನೂ ಹೋಗ್ಬನ್ನಿ, ರಜಾ ಬರ್ಕೋತೀನಿ' ಎಂದ. ಅತ್ತಿಗೆ ಆಗಲೇ ಇಸ್ತ್ರಿ ಅಕ್ಕನ ಕೈಯಿಂದ ತಟ್ಟೆ ತೆಗೆದಿಟ್ಟು ಅವರನ್ನು ನಡೆಸಿಕೊಂಡು ಹೊರಟಿದ್ದರು.

ಇಸ್ತ್ರಿ ಅಕ್ಕನದೂ ಕ್ಯಾನ್ಸರೇ, ಗರ್ಭಕೋಶ ದಾಟಿತ್ತು. ಆಪರೇಷನ್ ಆಗಿದೆ, ಔಷಧಿ ಏರಿಸುತ್ತಿದ್ದಾರೆ, ಕೂದಲು ಉದುರಿದೆ. ಅತ್ತಿಗೆ ಡಾಕ್ಟರ ಬೆನ್ನು ಬಿದ್ದು, ಎರಡು ತಿಂಗಳು ಮುಂಚೆ ಬಂದಿದ್ದರೆ ಇಷ್ಟಾಗುತ್ತಿರಲಿಲ್ಲ ಅಲ್ಲವೇ ಎಂದು ಕೇಳಿದರು. ಎರಡು ತಿಂಗಳಲ್ಲಿ ದೊಡ್ಡ ವ್ಯತ್ಯಾಸವೇನೂ ಆಗುತ್ತಿರಲಿಲ್ಲವೇನೋ, ಹಾಗೆ ಖಚಿತವಾಗಿ ಹೇಳಲಾಗದು ಎಂದು ಡಾಕ್ಟರು ಅಂದರು. ಅತ್ತಿಗೆ ತಲೆಯಾಡಿಸಿದರು. ಮುಂದಿನ ಸಲ ಹೋದಾಗ ಮತ್ತೆ ಅದನ್ನೇ ಕೇಳಿದರು. ಈಗ ಕಲೆ ನೋಡಿ ಕಥೆ ಹೇಳುವುದನ್ನು ಬಿಟ್ಟಿದ್ದಾರೆ.

ಮೊನ್ನೆ ನಾವಿಬ್ಬರೂ ಇಸ್ತ್ರಿ ಅಕ್ಕನ ಕೋಣೆಗೆ ಗಂಜಿ ತೆಗೆದುಕೊಂಡು ಹೋಗಿದ್ದೆವು. ಒಂದೇ ಕೋಣೆಯ ಮನೆ, ಕಿಟಕಿಯ ಪಕ್ಕ ಮಂಚ. ಗಂಡ ತೀರಿಕೊಂಡ ಮೇಲೆ ಅವರು ಅಲ್ಲಿ ಒಬ್ಬರೇ. ಇರುವ ಒಬ್ಬ ಮಗಳು ಬೇರೆ ಊರಲ್ಲಿದ್ದಾಳೆ. ಅತ್ತಿಗೆ ಚಮಚ ಕೆಳಗಿಟ್ಟು ಇದ್ದಕ್ಕಿದ್ದಂತೆ, 'ಅಕ್ಕ, ನನ್ನ ಕ್ಷಮಿಸ್ಬಿಡು. ನಾನು ಆ ಸುಳ್ಳು ಹೇಳ್ಬಾರ್ದಿತ್ತು' ಎಂದು ಅಳತೊಡಗಿದರು.

ಇಸ್ತ್ರಿ ಅಕ್ಕ ಕಿಟಕಿಯ ಹೊರಗೆ ನೋಡುತ್ತ, 'ನಾನೇನು ಸಾಚಾನಾ? ಮಗಳು ಫೋನ್ ಮಾಡಿದಾಗ್ಲೆಲ್ಲ ಮೂಲವ್ಯಾಧಿ ಅಂತ ಹೇಳ್ಕೊಂಡು ಬಂದಿದ್ದೀನಿ' ಎಂದರು.

ನಾನು ಏನೋ ಬೈಯಲು ಬಾಯಿ ತೆರೆದೆ. ಅತ್ತಿಗೆ ಕಣ್ಣಿನಲ್ಲೇ ತಡೆದರು. ಕಣ್ಣೊರೆಸಿಕೊಂಡು, ದಿಂಬಿನ ಪಕ್ಕದ ಫೋನ್ ಎತ್ತಿ ಇಸ್ತ್ರಿ ಅಕ್ಕನ ಕೈಗೆ ಕೊಟ್ಟರು. 'ಅವಳೂ ಹೆಂಗ್ಸು ಅಕ್ಕ. ಅವಳಿಗೂ ನಾಳೆ ಇದೇ ವಯಸ್ಸು ಬರುತ್ತೆ' ಎಂದರು.

ಇಸ್ತ್ರಿ ಅಕ್ಕ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು. ಗಂಜಿ ಆರಿತು. ಕೊನೆಗೆ ಗುಂಡಿ ಒತ್ತಿ, ಆ ಕಡೆಯಿಂದ 'ಅಮ್ಮಾ?' ಎಂದು ಕೇಳಿದ್ದೇ ತಡ, ನಮ್ಮ ಕಡೆ ನೋಡಿ, 'ನೀವಿಬ್ರೂ ಸ್ವಲ್ಪ ಹೊರಗೆ ಹೋಗ್ರೇ, ನಾಚಿಕೆ ಆಗುತ್ತೆ' ಎಂದರು.

ನಾವು ಹೊರಗೆ ಬಂದು ಬಾಗಿಲು ಮುಂದೆ ಮಾಡಿಕೊಂಡು ಮೆಟ್ಟಿಲ ಮೇಲೆ ಕೂತೆವು. ಒಳಗೆ ಮಾತು ನಡೆದಿತ್ತು.